ಮನೆಯ ಕಂಪ್ಯೂಟರ್ ಬಿಟ್ಟು ಫೋನಿನಲ್ಲೇ ಕೆಲಸ ಮಾಡುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯ ಜಗುಲಿ ಮೂಲೆಯಲ್ಲಿ ಹತ್ತು ವರ್ಷ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಇತ್ತು. ಮಾನಿಟರಿನ ಮೇಲೆ ಕಸೂತಿ ಬಟ್ಟೆ, ಮೇಜಿನ ಬುಡದಲ್ಲಿ ಕೆಟ್ಟ ಯುಪಿಎಸ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ನಮ್ಮ ಪೆಟ್ಟಿಗೆಯಲ್ಲಿ ಅದಿಲ್ಲ. ಹೊಸ ಕಂಪ್ಯೂಟರ್ ಕೊಳ್ಳುವುದೋ, ಇರುವ ಫೋನಿನಲ್ಲೇ ಸುಧಾರಿಸುವುದೋ? ಒಂದು ತಿಂಗಳು ಊಟದ ಹೊತ್ತಿಗೆಲ್ಲ ಇದೇ ಮಾತು. ಕೊನೆಗೆ ಫೋನು ಗೆದ್ದಿತು. ಆದರೆ ಮೊದಲ ಹದಿನೈದು ದಿನ ಪಟ್ಟ ಪಾಡು ಇದೆಯಲ್ಲ, ಅದು ನಿಮಗೆ ಬೇಡ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಫೋನಿಗೆ ಶಕ್ತಿ ಸಾಲದೆ ಪಾಡು ಬಂದದ್ದಲ್ಲ. ಕಂಪ್ಯೂಟರ್ ನಮಗೆ ಗೊತ್ತೇ ಆಗದ ಹಾಗೆ ಮೂರು ಉಪಕಾರ ಮಾಡುತ್ತಿತ್ತು. ಬೆರಳಿಗೆ ಕೀಬೋರ್ಡ್ ಕೊಟ್ಟಿತ್ತು. ಕಡತಗಳಿಗೆ ಒಂದು ಜಾಗ ಕೊಟ್ಟಿತ್ತು. ಮತ್ತೆ, ಅದು ಮನೆ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಫೋನು ಹಾಗಲ್ಲ. ಬಸ್ಸಿನಲ್ಲಿ ಜಾರುತ್ತದೆ, ಬಾವಿಕಟ್ಟೆಯಲ್ಲಿ ಬೀಳುತ್ತದೆ, ಜಾತ್ರೆಯಲ್ಲಿ ಕಳೆಯುತ್ತದೆ. ಈ ಮೂರನ್ನೂ ಬೇರೆ ದಾರಿಯಲ್ಲಿ ಹೊಂದಿಸಿಕೊಂಡರೆ ಮಾತ್ರ ಫೋನು ಕಂಪ್ಯೂಟರಿನ ಜಾಗ ತುಂಬುತ್ತದೆ. ಕೆಳಗಿನ ಹಂತಗಳೆಲ್ಲ ಅದಕ್ಕೇ.

ಹಂತ 1: ಒಂದು ವಾರದ ಲೆಕ್ಕ ಬರೆಯಿರಿ

ಅಂಗಡಿಗೆ ಹೋಗುವ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮನೆಯಲ್ಲಿ ಯಾರು ಕಂಪ್ಯೂಟರ್ ಮುಂದೆ ಕೂತರೂ ಏನು ಮಾಡಿದರು, ಎಷ್ಟು ಹೊತ್ತು ಎಂದು ಬರೆಯಿರಿ. ಏಳು ದಿನ ಸಾಕು. ನೆನಪಿನಿಂದ ಬರೆಯಬೇಡಿ. ನೆನಪು ಯಾವಾಗಲೂ ನಮ್ಮನ್ನು ದೊಡ್ಡ ಕೆಲಸಗಾರರ ಹಾಗೆ ತೋರಿಸುತ್ತದೆ.

ನಮ್ಮ ಪಟ್ಟಿಯಲ್ಲಿ ಬಂದದ್ದು ಇಷ್ಟು: ಕರೆಂಟ್ ಬಿಲ್ ಕಟ್ಟಿದ್ದು, ಪಹಣಿ ನೋಡಿದ್ದು, ಅಡಿಕೆ ಮಾರಿದ ಲೆಕ್ಕ, ಸಂಘದ ಸಭೆಯ ನಡಾವಳಿ ಟೈಪ್ ಮಾಡಿದ್ದು, ಮಗಳ ಸ್ಕಾಲರ್‌ಶಿಪ್ ಅರ್ಜಿ, ಎರಡು ಪ್ರಿಂಟು. ಉಳಿದದ್ದೆಲ್ಲ ಯೂಟ್ಯೂಬು. ಇದರಲ್ಲಿ ಕಂಪ್ಯೂಟರೇ ಬೇಕು ಅನ್ನುವಂಥದ್ದು ಒಂದೂ ಇರಲಿಲ್ಲ.

ನಿಮ್ಮ ಪಟ್ಟಿ ಬೇರೆ ಇರಬಹುದು. ಮುಂದೆ ಹೇಳುವ ಕೆಲಸಗಳು ಅದರಲ್ಲಿ ಪದೇಪದೇ ಬಂದರೆ ಇಲ್ಲಿಗೇ ನಿಲ್ಲಿಸಿ, ಕಂಪ್ಯೂಟರನ್ನೇ ಇಟ್ಟುಕೊಳ್ಳಿ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಅದು ವಿಂಡೋಸ್ ತಂತ್ರಾಂಶ. ಟೆಂಡರು, ಕಂಪನಿ ಫೈಲಿಂಗ್ ಅಂತ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಚುಚ್ಚುವವರು. ಪುಸ್ತಕದ ಪುಟ ಕಟ್ಟುವವರು. ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳು. ಸರ್ಕಾರಿ ನೌಕರಿಯಲ್ಲಿದ್ದು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸು ಮಾಡಬೇಕಾದವರಿಗೂ ನಿಜವಾದ ಕೀಬೋರ್ಡು, ಮೌಸಿನ ಅಭ್ಯಾಸ ಬೇಕೇ ಬೇಕು. ಇವರಿಗೆಲ್ಲ ಹಳೇ ಪೆಟ್ಟಿಗೆಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ವ್ಯವಸ್ಥೆ ಹಾಕಿಸುವುದು ಒಂದು ದಾರಿ. ಅದಕ್ಕೆ ದುಡ್ಡಿಲ್ಲ, ಹಳೇ ಯಂತ್ರದಲ್ಲೂ ಚೆನ್ನಾಗಿ ಓಡುತ್ತದೆ. ಟ್ಯಾಲಿಯವರಿಗೆ ಮಾತ್ರ ಅದೂ ಆಗುವುದಿಲ್ಲ.

ವರ್ಷಕ್ಕೆ ಒಂದೆರಡು ಸಲ ಬರುವ ಕೆಲಸಕ್ಕಾಗಿ ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಳ್ಳಬೇಕಾಗಿಲ್ಲ. ಅದಕ್ಕೆ ಪೇಟೆಯ ಸೈಬರ್ ಅಂಗಡಿ ಇದೆ, ಭಾವನ ಲ್ಯಾಪ್‌ಟಾಪ್ ಇದೆ.

ಹಂತ 2: ಫೋನು ಸಾಕೋ, ಟ್ಯಾಬ್ಲೆಟ್ ಬೇಕೋ

ಬರೆಯುವ ಕೆಲಸ ದಿನಕ್ಕೆ ಅರ್ಧ ಗಂಟೆಯ ಒಳಗಿದ್ದರೆ ಇರುವ ಫೋನೇ ಸಾಕು. ಒಂದು ಗಂಟೆ ದಾಟಿದರೆ 10-11 ಇಂಚಿನ ಟ್ಯಾಬ್ಲೆಟ್ ನೋಡಿ. ಕಣ್ಣಿನ ಸಲುವಾಗಿ ಈ ಮಾತು ಹೇಳುತ್ತಿದ್ದೇನೆ, ವೇಗದ ಸಲುವಾಗಿ ಅಲ್ಲ.

ಟ್ಯಾಬ್ಲೆಟ್ ಕೊಳ್ಳುವವರು ಒಂದು ಗುಟ್ಟು ತಿಳಿದಿರಬೇಕು. ಮೈಕ್ರೋಸಾಫ್ಟಿನ ವರ್ಡ್, ಎಕ್ಸೆಲ್ ಆ್ಯಪ್‌ಗಳಲ್ಲಿ ಸುಮ್ನೆ ತಿದ್ದುವ ಸೌಲಭ್ಯ ಇರುವುದು 10.1 ಇಂಚು ಮತ್ತು ಅದಕ್ಕಿಂತ ಚಿಕ್ಕ ಪರದೆಗೆ ಮಾತ್ರ. ಅದಕ್ಕಿಂತ ದೊಡ್ಡದಾದರೆ ಓದಬಹುದು, ತಿದ್ದಲು ಚಂದಾ ಕಟ್ಟಬೇಕು. ಅಂಗಡಿಯವರು ಇದನ್ನು ಹೇಳುವುದಿಲ್ಲ. ಗೂಗಲ್ ಡಾಕ್ಸ್, ಶೀಟ್ಸ್‌ಗೆ ಈ ಕಟ್ಟುಪಾಡಿಲ್ಲ. ನಾನು ಅದನ್ನೇ ಬಳಸುತ್ತೇನೆ.

ಹೊಸ ಫೋನು ಕೊಳ್ಳುವುದಾದರೆ ಕ್ಯಾಮೆರಾದ ಮೆಗಾಪಿಕ್ಸೆಲ್ ಕೇಳುವುದನ್ನು ಬಿಟ್ಟು ನಾಲ್ಕು ಪ್ರಶ್ನೆ ಕೇಳಿ.

ಭದ್ರತಾ ಅಪ್‌ಡೇಟ್ ಎಷ್ಟು ವರ್ಷ? ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಬ್ಯಾಂಕು, ಆಧಾರ್, ಪಹಣಿ ಎಲ್ಲ ಇದರಲ್ಲೇ ಇರುತ್ತದಲ್ಲ. ಗೂಗಲ್ ಪಿಕ್ಸೆಲ್ 8, ಸ್ಯಾಮ್‌ಸಂಗ್ ಎಸ್24 ಸಾಲಿನ ಫೋನುಗಳಿಗೆ 7 ವರ್ಷದ ಮಾತು ಕೊಟ್ಟಿದ್ದಾರೆ. ಅಗ್ಗದ ಫೋನುಗಳಲ್ಲಿ ಇದು ಎರಡು ಮೂರು ವರ್ಷಕ್ಕೆ ಮುಗಿಯುವುದುಂಟು. ಆಮೇಲೆ ನಮ್ಮ ವಿಂಡೋಸ್ 10ರ ಕಥೆಯೇ.

ಸ್ಟೋರೇಜ್ ಎಷ್ಟು? 128 ಜಿಬಿಗಿಂತ ಕಡಿಮೆ ಬೇಡ. ಅದರಲ್ಲೂ ಒಂದು ಪಾಲನ್ನು ಫೋನಿನ ಸ್ವಂತ ವ್ಯವಸ್ಥೆಯೇ ನುಂಗಿರುತ್ತದೆ. ರ‍್ಯಾಮ್ ಎಷ್ಟು? 6 ಜಿಬಿ ಇದ್ದರೆ ನಿಶ್ಚಿಂತೆ, 8 ಇದ್ದರೆ ಒಳ್ಳೆಯದು.

ನಾಲ್ಕನೆಯದು, ಟೈಪ್-ಸಿ ತೂತಿನಿಂದ ಟಿವಿಗೆ ಚಿತ್ರ ಹೋಗುತ್ತದೆಯೇ? ತೂತು ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತದೆ. ಆದರೆ ಒಳಗೆ ಡಿಸ್‌ಪ್ಲೇಪೋರ್ಟ್ ಸೌಲಭ್ಯ ಇರುವ ಫೋನಿನಿಂದ ಮಾತ್ರ ಕೇಬಲ್ ಮೂಲಕ ಚಿತ್ರ ಹೊರಗೆ ಬರುತ್ತದೆ. ಅಗ್ಗದ ಫೋನುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಸ್ಯಾಮ್‌ಸಂಗ್ ತನ್ನ ದುಬಾರಿ ಫೋನುಗಳಲ್ಲಿ 2017ರಿಂದಲೇ ಡೆಕ್ಸ್ ಎಂಬ ಸೌಲಭ್ಯ ಕೊಟ್ಟಿದೆ. ಫೋನನ್ನು ಮಾನಿಟರಿಗೆ ಜೋಡಿಸಿದರೆ ಕಂಪ್ಯೂಟರಿನ ಹಾಗೆ ಕಿಟಕಿಗಳು ತೆರೆದುಕೊಳ್ಳುತ್ತವೆ. ಹಳೇ ಮಾನಿಟರ್ ಮನೆಯಲ್ಲಿ ಇದ್ದವರಿಗೆ ಇದು ಬಹಳ ಉಪಯೋಗ. ಇಲ್ಲದವರು ತಲೆ ಕೆಡಿಸಿಕೊಳ್ಳಬೇಡಿ.

ಕರೆಂಟಿನ ಮಾತೂ ಹೇಳಿಬಿಡುತ್ತೇನೆ. ಮಲೆನಾಡಿನಲ್ಲಿ ಮಳೆಗಾಲ ಶುರುವಾದರೆ ಕರೆಂಟ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ದೇವರಿಗೇ ಗೊತ್ತು. 5000 ಎಂಎಎಚ್ ಬ್ಯಾಟರಿ ಪೂರ್ತಿ ತುಂಬಿದರೆ ಅದರಲ್ಲಿ ಇರುವುದು ಸುಮಾರು 19 ವಾಟ್-ಗಂಟೆ. 100 ವಾಟ್ ತಿನ್ನುವ ಡೆಸ್ಕ್‌ಟಾಪ್ ಅಷ್ಟನ್ನು ಹನ್ನೆರಡು ನಿಮಿಷದೊಳಗೆ ಮುಗಿಸುತ್ತದೆ. ಫೋನು ಅಷ್ಟರಲ್ಲೇ ಒಂದು ದಿನ ತಳ್ಳುತ್ತದೆ. ಯುಪಿಎಸ್ ಬ್ಯಾಟರಿ ಬದಲಾಯಿಸುವ ಖರ್ಚೂ ಉಳಿಯಿತು. ಅಪ್ಪ ಫೋನಿನ ಪರವಾಗಿ ಓಟು ಹಾಕಿದ್ದೇ ಇದೊಂದು ಕಾರಣಕ್ಕೆ.

ಹಂತ 3: ಹಳೇ ಕಡತಗಳನ್ನು ಸಾಗಿಸಿ

ಮೊದಲು ಹಳೇ ಕಂಪ್ಯೂಟರಿನಲ್ಲಿ ಬೇಕಾದದ್ದನ್ನೆಲ್ಲ ಒಂದೇ ಫೋಲ್ಡರಿಗೆ ಹಾಕಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಿ ಡ್ರೈವಿನ ಮೂಲೆ, ಎಲ್ಲ ಕಡೆ ಹುಡುಕಿ. ಅದರ ಎರಡು ಪ್ರತಿ ಮಾಡಿ. ಒಂದು ಹೊರಗಿನ ಹಾರ್ಡ್ ಡಿಸ್ಕ್ ಅಥವಾ ಪೆನ್‌ಡ್ರೈವಿಗೆ, ಇನ್ನೊಂದು ಗೂಗಲ್ ಡ್ರೈವಿಗೆ.

ಗೂಗಲ್ ಖಾತೆಗೆ 15 ಜಿಬಿ ಉಚಿತ. ಆದರೆ ಜೀಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಅಷ್ಟೇ. ಆಂಡ್ರಾಯ್ಡಿನಲ್ಲಿ ವಾಟ್ಸ್ಯಾಪ್ ಬ್ಯಾಕಪ್ ಕೂಡ ಈಗ ಅದೇ ಲೆಕ್ಕಕ್ಕೆ ಸೇರುತ್ತದೆ. ಐಫೋನಿನ ಐಕ್ಲೌಡ್ ಆದರೆ ಉಚಿತ ಜಾಗ 5 ಜಿಬಿ. ಹಾಗಾಗಿ ಮದುವೆಯ ವಿಡಿಯೋಗಳನ್ನು ಹಾರ್ಡ್ ಡಿಸ್ಕಿನಲ್ಲೇ ಬಿಡಿ. ಜಮೀನಿನ ಪತ್ರ, ಅಂಕಪಟ್ಟಿ, ಲೆಕ್ಕದ ಹಾಳೆಗಳು ಮೇಲೆ ಹೋಗಲಿ.

ಪೆನ್‌ಡ್ರೈವನ್ನು ಫೋನಿಗೆ ಚುಚ್ಚಲು ಓಟಿಜಿ ಎಂಬ ಚಿಕ್ಕ ಅಡಾಪ್ಟರ್ ಬೇಕು. ಇಲ್ಲಿ ನನಗೆ ಒಂದು ಸಂಜೆ ಪೂರ್ತಿ ಹಾಳಾಯಿತು. ಪೆನ್‌ಡ್ರೈವ್ ಕಂಪ್ಯೂಟರಿನಲ್ಲಿ ಕಾಣುತ್ತದೆ, ಫೋನಿನಲ್ಲಿ ಕಾಣುವುದಿಲ್ಲ. ಅದನ್ನು ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ್ದೇ ಕಾರಣ. ಬಹಳಷ್ಟು ಫೋನುಗಳು ಅದನ್ನು ಓದುವುದಿಲ್ಲ. ಎಕ್ಸ್‌ಫ್ಯಾಟ್ ಮಾದರಿಗೆ ಬದಲಾಯಿಸಿ. ಫ್ಯಾಟ್32 ಕೂಡ ನಡೆಯುತ್ತದೆ, ಆದರೆ ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ.

ಇನ್ನು ಕನ್ನಡಿಗರಿಗೇ ಮೀಸಲಾದ ಒಂದು ತೊಂದರೆ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಹದಿನೈದಿಪ್ಪತ್ತು ವರ್ಷದ ಹಿಂದೆ ಟೈಪ್ ಮಾಡಿದ ಕಡತಗಳಿದ್ದರೆ ಹುಷಾರು. ಸಂಘದ ಹಳೇ ನಡಾವಳಿಯನ್ನು ಫೋನಿನಲ್ಲಿ ತೆರೆದೆ. ಕನ್ನಡದ ಒಂದಕ್ಷರವೂ ಇಲ್ಲ. 'ಕನ್ನಡ' ಎಂದು ಇರಬೇಕಾದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡಿನ ಗುರುತು, ಹೀಗೆ ಏನೇನೋ. ಕಡತ ಕೆಟ್ಟಿಲ್ಲ. ಆ ಕಾಲದಲ್ಲಿ ಕಂಪ್ಯೂಟರಿನ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತವನ್ನೇ ಇಟ್ಟು, ಮೇಲೆ ಕನ್ನಡದ ಚಿತ್ರವಿರುವ ಫಾಂಟ್ ಹೊದಿಸುತ್ತಿದ್ದರು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಫೋನಿನಲ್ಲಿ ಆ ಫಾಂಟ್ ಇಲ್ಲ. ಫೋನಿಗೆ ಗೊತ್ತಿರುವುದು ಯೂನಿಕೋಡ್ ಕನ್ನಡ ಮಾತ್ರ, ಅಂದರೆ ಕನ್ನಡದ ಅಕ್ಷರಗಳಿಗೇ ಸ್ವಂತ ಸಂಕೇತ ಇರುವ ಪದ್ಧತಿ.

ಪರಿಹಾರ ಸುಲಭ, ಆದರೆ ಕಂಪ್ಯೂಟರ್ ಬದುಕಿರುವಾಗಲೇ ಮಾಡಬೇಕು. ನುಡಿ ಮತ್ತು ಬರಹ ಎರಡರಲ್ಲೂ ಯೂನಿಕೋಡಿಗೆ ಪರಿವರ್ತಿಸುವ ಸೌಲಭ್ಯ ಇದೆ. ಒಂದೊಂದಾಗಿ ಪರಿವರ್ತಿಸಿ, ಹೊಸ ಹೆಸರಿನಲ್ಲಿ ಉಳಿಸಿ. ಮೂಲವನ್ನು ಅಳಿಸಬೇಡಿ. ಪರಿವರ್ತನೆ ಆದ ಮೇಲೆ ಒಮ್ಮೆ ಕಣ್ಣಾಡಿಸಿ. ಒತ್ತಕ್ಷರ, ಅರ್ಕಾವತ್ತು, ಅಂಕಿಗಳ ಹತ್ತಿರ ಅಲ್ಲಲ್ಲಿ ತಪ್ಪು ನುಸುಳಿರುತ್ತದೆ. ಇನ್ನು ತಿದ್ದುವ ಅಗತ್ಯವೇ ಇಲ್ಲದ ಹಳೇ ಕಡತಗಳನ್ನು ಪರಿವರ್ತಿಸುವ ಗೋಜಿಗೇ ಹೋಗಬೇಡಿ. ಪಿಡಿಎಫ್ ಮಾಡಿಬಿಡಿ. ಪಿಡಿಎಫ್ ಒಳಗೆ ಫಾಂಟೂ ಕೂತಿರುವುದರಿಂದ ಫೋನಿನಲ್ಲಿ ನೆಟ್ಟಗೆ ಕಾಣುತ್ತದೆ.

ಹಂತ 4: ಕೂರಲು ಒಂದು ಜಾಗ ಮಾಡಿ

ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೆಲಸ ಮಾಡಿದರೆ ಎರಡನೇ ದಿನವೇ ಕುತ್ತಿಗೆ ಹಿಡಿಯುತ್ತದೆ. ಒಂದು ಗಟ್ಟಿ ಸ್ಟ್ಯಾಂಡ್, ಒಂದು ಬ್ಲೂಟೂತ್ ಕೀಬೋರ್ಡ್ ತನ್ನಿ. ಪರದೆ ಕಣ್ಣಿನ ಮಟ್ಟಕ್ಕೆ ಹತ್ತಿರ ಇರಲಿ. ಹಳೇ ಯುಎಸ್‌ಬಿ ಕೀಬೋರ್ಡ್, ಮೌಸ್ ಇದ್ದರೆ ಅವನ್ನೂ ಓಟಿಜಿ ಮೂಲಕ ಆಂಡ್ರಾಯ್ಡ್ ಫೋನಿಗೆ ಜೋಡಿಸಬಹುದು. ಪರದೆಯ ಮೇಲೆ ಮೌಸಿನ ಬಾಣ ಓಡಾಡುವುದನ್ನು ನೋಡಿ ಮಗಳು ಚಪ್ಪಾಳೆ ತಟ್ಟಿದಳು.

ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿಕೊಳ್ಳಿ. ಕಣ್ಣಿನ ವೈದ್ಯರು ಹೇಳುವ 20ರ ಲೆಕ್ಕವೂ ಇದೆ: 20 ನಿಮಿಷಕ್ಕೊಮ್ಮೆ, 20 ಅಡಿ ದೂರದ್ದನ್ನು, 20 ಸೆಕೆಂಡ್ ನೋಡಿ. ತೋಟದ ಅಂಚು ಅಷ್ಟು ದೂರ ಇದ್ದರೆ ಇನ್ನೂ ಒಳ್ಳೆಯದು.

ಹಂತ 5: ಕನ್ನಡ ಟೈಪಿಂಗ್ ಪಳಗಿಸಿಕೊಳ್ಳಿ

ಹೆಚ್ಚಿನವರು ಸೋತು ವಾಪಸ್ ಕಂಪ್ಯೂಟರಿಗೆ ಓಡುವುದು ಇಲ್ಲೇ. ಒಂದು ವಾರ ತಾಳ್ಮೆ ಬೇಕು.

ಆಂಡ್ರಾಯ್ಡ್ ಆದರೆ ಗೂಗಲಿನ ಕೀಬೋರ್ಡ್ ಆ್ಯಪ್ ಜಿಬೋರ್ಡ್ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಅದರ ಸೆಟ್ಟಿಂಗ್ಸ್‌ಗೆ ಹೋಗಿ, ಭಾಷೆಗಳು, ಕೀಬೋರ್ಡ್ ಸೇರಿಸಿ, ಕನ್ನಡ ಆರಿಸಿ. ಮುಖ್ಯವಾಗಿ ಎರಡು ಬಗೆ ಸಿಗುತ್ತವೆ. ಒಂದು ನೇರ ಕನ್ನಡ ಅಕ್ಷರಮಾಲೆ. ಇನ್ನೊಂದು ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುವಂಥದ್ದು. ಎರಡನ್ನೂ ಸೇರಿಸಿಕೊಳ್ಳಿ. ಸ್ಪೇಸ್ ಪಟ್ಟಿಯನ್ನು ಒತ್ತಿ ಹಿಡಿದರೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು.

ವಾಟ್ಸ್ಯಾಪ್ ಸಂದೇಶಕ್ಕೆ ಇಂಗ್ಲಿಷ್ ಅಕ್ಷರದ ದಾರಿ ಸಾಕು. ಉದ್ದದ ಬರಹಕ್ಕೆ ಅದು ಬೇಡ ಅನ್ನುತ್ತೇನೆ. ಅದು ಊಹೆ ಮಾಡಿ ಪದ ಕೊಡುತ್ತದೆ. 'ಹಳ್ಳಿ' ಬೇಕಿದ್ದಲ್ಲಿ 'ಹಲ್ಲಿ' ಬಂದು ಕೂರುತ್ತದೆ. ನಡಾವಳಿಯಲ್ಲಿ 'ನಮ್ಮ ಹಲ್ಲಿಯ ಅಭಿವೃದ್ಧಿ' ಎಂದು ಬರೆದು ಓದಿಸಿಕೊಂಡವನು ನಾನು. ನೇರ ಕನ್ನಡ ಕೀಬೋರ್ಡ್ ಮೊದಲು ನಿಧಾನ, ಹತ್ತು ದಿನಕ್ಕೆ ಬೆರಳು ಕಲಿಯುತ್ತದೆ.

ಸೂಕ್ಷ್ಮವಾದ ಎರಡು ತೊಡಕು ಹೇಳಬೇಕು. 'ಫೋನ್' ಆದ ಮೇಲೆ 'ನಲ್ಲಿ' ಬರೆದರೆ 'ಫೋನ್ನಲ್ಲಿ' ಎಂದು ಒತ್ತಕ್ಷರ ಆಗಿಬಿಡುತ್ತದೆ. 'ಫೋನ್‌ನಲ್ಲಿ' ಎಂದು ಬಿಡಿಬಿಡಿಯಾಗಿ ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಬೇಕು. ಹಾಗೆಯೇ 'ರ‍್ಯಾಂಕ್' ಎಂದು ಬರೆಯಲು ಹೋದರೆ 'ರ್ಯಾಂಕ್' ಆಗಿ ಅರ್ಕಾವತ್ತು ಹಾರಿ ಕೂರುತ್ತದೆ. ಎಷ್ಟೋ ಸಲ ಕೀಬೋರ್ಡಿನ ಮೇಲೆ ಬರುವ ಸಲಹೆಯ ಪಟ್ಟಿಯಲ್ಲೇ ಸರಿ ರೂಪ ಇರುತ್ತದೆ, ಅದನ್ನು ಮುಟ್ಟಿದರಾಯಿತು. ಪದೇಪದೇ ಬೇಕಾಗುವ ಇಂಥ ಪದಗಳನ್ನು ಸರಿಯಾಗಿ ಬರೆದ ಕಡೆಯಿಂದ ನಕಲು ಮಾಡಿ ಕೀಬೋರ್ಡಿನ ಸ್ವಂತ ನಿಘಂಟಿಗೆ ಸೇರಿಸಿಕೊಳ್ಳಿ. ಊರಿನ ಹೆಸರು, ಸಂಘದ ಹೆಸರು, ವಿಳಾಸವನ್ನೂ ಅಲ್ಲೇ ಹಾಕಬಹುದು. ಎರಡಕ್ಷರದ ಕಿರುರೂಪ ಕೊಟ್ಟರೆ ಇಡೀ ವಿಳಾಸ ಬಂದುಬಿಡುತ್ತದೆ.

ಬ್ಲೂಟೂತ್ ಕೀಬೋರ್ಡಿನಲ್ಲಿ ಕನ್ನಡ ಬರೆಯುವ ಅನುಭವ ಫೋನಿಗೆ ಫೋನಿಗೆ, ಆ್ಯಪ್‌ಗೆ ಆ್ಯಪ್‌ಗೆ ಬೇರೆ. ನುಡಿಯ ಕೀಲಿಮಣೆಗೆ ಬೆರಳು ಒಗ್ಗಿದ್ದವರು ಕೊಳ್ಳುವ ಮೊದಲು ಅಂಗಡಿಯಲ್ಲೇ ನಿಮ್ಮ ಫೋನಿಗೆ ಜೋಡಿಸಿ ಎರಡು ಸಾಲು ಬರೆದು ನೋಡಿ. ಪೆಟ್ಟಿಗೆಯ ಮೇಲಿನ ಮಾತು ನಂಬಬೇಡಿ.

ನಿಜವಾಗಿ ನನ್ನನ್ನು ಉಳಿಸಿದ್ದು ಮಾತಾಡಿ ಬರೆಸುವುದು. ಜಿಬೋರ್ಡಿನ ಮೈಕ್ ಒತ್ತಿ, ಭಾಷೆ ಕನ್ನಡ ಇದೆಯೇ ನೋಡಿ, ನಿಧಾನವಾಗಿ ಹೇಳಿ. ಪುಸ್ತಕದ ಕನ್ನಡಕ್ಕೆ ಹತ್ತಿರವಾಗಿ ಹೇಳಿದರೆ ಸರಿಯಾಗಿ ಬರೆಯುತ್ತದೆ. ಮನೆಮಾತಿನಲ್ಲಿ ಹೇಳಿದರೆ ಬೇರೆಯೇ ಕಾವ್ಯ ಆಗುತ್ತದೆ. ಪೂರ್ಣವಿರಾಮ, ಅಲ್ಪವಿರಾಮಗಳನ್ನು ನೀವೇ ಕೂತು ಹಾಕಬೇಕು. ಒಂದು ಪುಟದ ಪತ್ರಕ್ಕೆ ಐದು ನಿಮಿಷ ಹೇಳುವುದು, ಹತ್ತು ನಿಮಿಷ ತಿದ್ದುವುದು. ಅಪ್ಪ ಈಗ ಪೂರ್ತಿ ಇದರಲ್ಲೇ. ಅವರು ಜೀವಮಾನದಲ್ಲಿ ಕೀಬೋರ್ಡ್ ಮುಟ್ಟಿದವರಲ್ಲ.

ಹಂತ 6: ಕಾಗದಪತ್ರದ ಕೆಲಸ

ಕಂಪ್ಯೂಟರಿನಲ್ಲಿ 'ಎಲ್ಲೋ ಇದೆ' ಅಂದರೆ ಹುಡುಕಬಹುದಿತ್ತು. ಫೋನಿನಲ್ಲಿ ವಾಟ್ಸ್ಯಾಪಿನದು ಒಂದು ಕಡೆ, ಡೌನ್‌ಲೋಡ್ ಇನ್ನೊಂದು ಕಡೆ, ಸ್ಕ್ಯಾನ್ ಮತ್ತೊಂದು ಕಡೆ. ಗೂಗಲ್ ಡ್ರೈವಿನಲ್ಲಿ ಐದಾರು ಫೋಲ್ಡರ್ ಮಾಡಿ: ಜಮೀನು, ಬ್ಯಾಂಕು, ಶಾಲೆ, ಆಸ್ಪತ್ರೆ, ಸಂಘ. ಹೊಸದು ಏನು ಬಂದರೂ ಅದೇ ದಿನ ಅಲ್ಲಿಗೆ ಸಾಗಿಸಿ. ಹೆಸರನ್ನು ಕನ್ನಡದಲ್ಲೇ ಇಡಿ, ಮುಂದೆ ವರ್ಷ ಹಾಕಿ: '2026 ಕಂದಾಯ ರಸೀದಿ' ಎನ್ನುವ ಹಾಗೆ. ಬಂದ ಹೆಸರಿನಲ್ಲೇ ಬಿಟ್ಟರೆ ಆರು ತಿಂಗಳಿಗೆ ಹುಡುಕುವವರ ಗತಿ ಮುಗಿಯಿತು.

ಸ್ಕ್ಯಾನ್ ಮಾಡಲು ಬೇರೆ ಆ್ಯಪ್ ಬೇಡ. ಆಂಡ್ರಾಯ್ಡಿನಲ್ಲಿ ಗೂಗಲ್ ಡ್ರೈವ್ ಆ್ಯಪ್‌ನಲ್ಲೇ ಸ್ಕ್ಯಾನ್ ಇದೆ. ಐಫೋನಿನಲ್ಲಿ ನೋಟ್ಸ್ ಆ್ಯಪ್ ಮಾಡುತ್ತದೆ. ಕಿಟಕಿ ಪಕ್ಕ, ಕಪ್ಪು ಬಟ್ಟೆಯ ಮೇಲೆ ಕಾಗದ ಇಟ್ಟರೆ ಅಂಚು ತಾನೇ ಹಿಡಿಯುತ್ತದೆ. ಎಷ್ಟು ಪುಟ ಇದ್ದರೂ ಒಂದೇ ಪಿಡಿಎಫ್ ಮಾಡಿ.

ಆಧಾರ್, ಡ್ರೈವಿಂಗ್ ಲೈಸೆನ್ಸ್, ಗಾಡಿ ಪತ್ರಕ್ಕೆ ಸ್ಕ್ಯಾನಿಗಿಂತ ಸರ್ಕಾರದ ಡಿಜಿಲಾಕರ್ ಆ್ಯಪ್ ಒಳ್ಳೆಯದು. ಅದರಲ್ಲಿ ಇಲಾಖೆಯೇ ಕೊಟ್ಟ ಪ್ರತಿಗೆ ಕಾನೂನಿನಲ್ಲಿ ಮೂಲ ದಾಖಲೆಯಷ್ಟೇ ಬೆಲೆ. ನೀವೇ ಫೋಟೊ ಹೊಡೆದು ಅದರೊಳಗೆ ಹಾಕಿದ್ದಕ್ಕೆ ಆ ಬೆಲೆ ಇಲ್ಲ. ಬಹಳ ಜನ ಈ ವ್ಯತ್ಯಾಸ ತಿಳಿಯದೆ ಪೊಲೀಸರ ಹತ್ತಿರ ವಾದ ಮಾಡುತ್ತಾರೆ.

ಸರ್ಕಾರಿ ಜಾಲತಾಣ ಫೋನಿನಲ್ಲಿ ಅರ್ಧ ಕಾಣದೆ ಹೋದರೆ ಕ್ರೋಮಿನ ಮೂರು ಚುಕ್ಕೆ ಒತ್ತಿ 'ಡೆಸ್ಕ್‌ಟಾಪ್ ಸೈಟ್' ಆರಿಸಿ, ಫೋನನ್ನು ಅಡ್ಡ ಹಿಡಿಯಿರಿ. ಮುಕ್ಕಾಲು ಪಾಲು ತೊಂದರೆ ಇಷ್ಟಕ್ಕೇ ಹೋಗುತ್ತದೆ. ಅರ್ಜಿಗೆ ಫೋಟೊ ಹಾಕುವಾಗ ಇನ್ನೊಂದು ತಲೆನೋವು. ಅವರು ಕೇಳುವುದು ಕೆಬಿ ಲೆಕ್ಕದಲ್ಲಿ, ನಿಮ್ಮ ಫೋನು ತೆಗೆಯುವುದು ಎಂಬಿ ಲೆಕ್ಕದಲ್ಲಿ. ಮೊದಲು ಮುಖದಷ್ಟು ಭಾಗ ಕತ್ತರಿಸಿ, ಆಮೇಲೆ ಅಳತೆ ಕುಗ್ಗಿಸಿ. ಮಗಳ ಅರ್ಜಿಗೆ ಒಮ್ಮೆ ಮಾಡಿದ ಫೋಟೊ, ಸಹಿ ಎರಡನ್ನೂ 'ಅರ್ಜಿಗೆ' ಎಂಬ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಪ್ರತಿ ಸಲ ಅದೇ ಬರುತ್ತದೆ. ಯಾರಿಗಾದರೂ ವಾಟ್ಸ್ಯಾಪಿನಲ್ಲಿ ಕಳಿಸುವಾಗ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ವಾಟ್ಸ್ಯಾಪ್ ಅದನ್ನು ಹಿಂಡಿಬಿಡುತ್ತದೆ, ಅಕ್ಷರ ಮಸುಕಾಗುತ್ತದೆ.

ಪ್ರಿಂಟ್ ಕಥೆ ಚಿಕ್ಕದು. ವೈಫೈ ಇರುವ ಪ್ರಿಂಟರ್ ಆದರೆ ಫೋನಿನಿಂದಲೇ ಆಗುತ್ತದೆ. ವೈರಿನ ಹಳೇ ಪ್ರಿಂಟರನ್ನು ನೆಚ್ಚಿಕೊಳ್ಳಬೇಡಿ. ತಿಂಗಳಿಗೆ ನಾಲ್ಕು ಹಾಳೆ ಆದರೆ ಜೆರಾಕ್ಸ್ ಅಂಗಡಿಯೇ ಸರಿ. ಅಲ್ಲಿಗೆ ಆಧಾರ್ ಕಳಿಸುವಾಗ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕಳಿಸಿ. ಪ್ರಿಂಟ್ ಆದ ಮೇಲೆ ಅವರ ಕಂಪ್ಯೂಟರಿನಿಂದ ಅಳಿಸಿ ಎಂದು ಎದುರಿಗೇ ನಿಂತು ಹೇಳಿ. ಸಂಕೋಚ ಬೇಡ.

ಹಂತ 7: ನಾಳೆ ಫೋನು ಕಳೆದರೆ?

ಬೇರೆ ಯಾವ ಹಂತ ಬಿಟ್ಟರೂ ಇದನ್ನು ಬಿಡಬೇಡಿ. ನನ್ನ ಹಿಂದಿನ ಫೋನು ನೀರಿನ ತೊಟ್ಟಿಗೆ ಬಿದ್ದಾಗ ಕಂಪ್ಯೂಟರ್ ಮನೆಯಲ್ಲಿತ್ತು. ಫೋಟೊ ಹೋದವು, ಕೆಲಸ ನಿಲ್ಲಲಿಲ್ಲ. ಈಗ ಎಲ್ಲ ಮೊಟ್ಟೆಯೂ ಒಂದೇ ಬುಟ್ಟಿಯಲ್ಲಿ. ಬ್ಯಾಂಕು, ಓಟಿಪಿ, ಜೀಮೇಲ್, ಕಡತ, ಎಲ್ಲದರ ಬೀಗದ ಕೈ ಅದೇ ಫೋನಿನೊಳಗಿನ ಸಿಮ್.

ಹಾಗಾಗಿ ಒಂದು ಭಾನುವಾರ ಕೂತು ಇಷ್ಟು ಮಾಡಿ. ಫೋನಿನಲ್ಲಿ *#06# ಒತ್ತಿ. 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ ಬರುತ್ತದೆ. ಕಾಗದದಲ್ಲಿ ಬರೆದು ಕೊಂಡ ರಸೀದಿಯ ಜೊತೆ ಪಿನ್ ಹಾಕಿ ಬೀರುವಿನಲ್ಲಿ ಇಡಿ. ಗೂಗಲ್ ಖಾತೆಯ ಭದ್ರತೆ ವಿಭಾಗದಲ್ಲಿ ಎರಡು ಹಂತದ ಲಾಗಿನ್ ಚಾಲೂ ಮಾಡಿ. ಫೋನಿಲ್ಲದಾಗ ಖಾತೆಯೊಳಗೆ ಹೋಗಲು ಬೇಕಾದ ಬ್ಯಾಕಪ್ ಕೋಡ್ ಅಲ್ಲೇ ಸಿಗುತ್ತವೆ, ಒಟ್ಟು 10. ಅವನ್ನೂ ಅದೇ ಕಾಗದಕ್ಕೆ ಬರೆದುಕೊಳ್ಳಿ. ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು ಇಟ್ಟರೆ ಬೀಗದ ಕೈಯನ್ನು ಪೆಟ್ಟಿಗೆಯ ಒಳಗೇ ಇಟ್ಟು ಬೀಗ ಹಾಕಿದಂತೆ. ಖಾತೆ ವಾಪಸ್ ಪಡೆಯುವ ಸಂಖ್ಯೆಯಾಗಿ ಮನೆಯವರ ನಂಬರ್ ಕೊಡಿ, ನಿಮ್ಮದೇ ಅಲ್ಲ. ಕಳೆದ ಫೋನು ಎಲ್ಲಿದೆ ಎಂದು ಹುಡುಕುವ ಫೈಂಡ್ ಸೌಲಭ್ಯ ಚಾಲೂ ಇರಲಿ.

ಸಿಮ್‌ಗೂ ಪಿನ್ ಹಾಕಬಹುದು. ಹಾಕಿದರೆ ಕದ್ದವನು ನಿಮ್ಮ ಸಿಮ್ಮನ್ನು ಬೇರೆ ಫೋನಿಗೆ ಹಾಕಿ ಓಟಿಪಿ ನೋಡಲಾರ. ಆದರೆ ಕಂಪನಿ ಕೊಟ್ಟಿರುವ ಮೂಲ ಪಿನ್ ಕೇಳಿ ತಿಳಿದುಕೊಂಡೇ ಕೈಹಾಕಿ. 3 ಸಲ ತಪ್ಪಿದರೆ ಸಿಮ್ ಮುಚ್ಚಿಕೊಳ್ಳುತ್ತದೆ, ಆಮೇಲೆ ಅದನ್ನು ಬಿಡಿಸುವ ಪಿಯುಕೆ ಸಂಖ್ಯೆಗಾಗಿ ಅಲೆಯಬೇಕು.

ಕಳೆದೇಹೋದರೆ ಕ್ರಮ ಹೀಗೆ. ಮೊದಲು ಸಿಮ್ ಕಂಪನಿಗೆ ಕರೆ ಮಾಡಿ ಸಿಮ್ ನಿಲ್ಲಿಸಿ. ಆಮೇಲೆ ಬ್ಯಾಂಕಿಗೆ ಹೇಳಿ. ದುಡ್ಡು ಹೋಗಿದೆ ಎಂದು ಅನುಮಾನ ಬಂದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಪೊಲೀಸ್ ದೂರು ಕೊಡಿ. ದೂರಿನ ಪ್ರತಿ, ರಸೀದಿ, ಐಎಂಇಐ ಇಟ್ಟುಕೊಂಡು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಆ ಫೋನನ್ನೇ ಬ್ಲಾಕ್ ಮಾಡಿಸಬಹುದು. ದೇಶದ ಯಾವ ನೆಟ್‌ವರ್ಕಿನಲ್ಲೂ ಅದು ನಡೆಯುವುದಿಲ್ಲ. ಬೀರುವಿನ ಕಾಗದ ಬೇಕಾಗುವುದು ಆಗಲೇ.

ಡೂಪ್ಲಿಕೇಟ್ ಸಿಮ್ ತಂದ ಮೇಲೂ ಮೊದಲ 24 ಗಂಟೆ ಎಸ್ಸೆಮ್ಮೆಸ್ ನಿಲ್ಲಿಸಿರುತ್ತಾರೆ. ಮೋಸ ತಡೆಯಲು ಇರುವ ನಿಯಮ. ಅಂದರೆ ಒಂದು ದಿನ ಯುಪಿಐ ಇಲ್ಲ, ಓಟಿಪಿ ಇಲ್ಲ. ಮನೆಯಲ್ಲಿ ಸ್ವಲ್ಪ ನಗದು, ಇನ್ನೊಬ್ಬರ ಫೋನಿನಲ್ಲಿ ಬೇರೆ ಖಾತೆಯ ಯುಪಿಐ ಇರಲಿ. ಹಳೇ ಫೋನನ್ನು ಮಾರಬೇಡಿ. ಅದು ವೈಫೈನಲ್ಲಿ ಓಡಿದರೂ ಸಾಕು, ಡ್ರೈವಿನ ಕಡತ ತೆರೆಯಲು ಒದಗುತ್ತದೆ.

ತಿಂಗಳಿಗೊಮ್ಮೆ, ನಾವು ಅಮಾವಾಸ್ಯೆಯ ದಿನ ಎಂದು ಇಟ್ಟುಕೊಂಡಿದ್ದೇವೆ, ಫೋಟೊ ಮತ್ತು ಮುಖ್ಯ ಕಡತಗಳನ್ನು ಓಟಿಜಿಯಿಂದ ಪೆನ್‌ಡ್ರೈವಿಗೆ ನಕಲು ಮಾಡಿ. ಬ್ಯಾಕಪ್‌ಗೆಂದು ಬೇರೆ ಗೂಗಲ್ ಖಾತೆ ತೆರೆದಿದ್ದರೆ ಆಗಾಗ ಅದರೊಳಗೆ ಹೋಗಿ ಬನ್ನಿ. 2 ವರ್ಷ ಯಾರೂ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು.

ಹಂತ 8: ಒಂದು ತಿಂಗಳು ಬಟ್ಟೆ ಮುಚ್ಚಿ ನೋಡಿ

ಕಂಪ್ಯೂಟರನ್ನು ತಕ್ಷಣ ಮಾರಬೇಡಿ. ಪ್ಲಗ್ ಕಿತ್ತು, ಬಟ್ಟೆ ಮುಚ್ಚಿ, ಒಂದು ತಿಂಗಳು ಹಾಗೇ ಬಿಡಿ. 'ಅಯ್ಯೋ, ಕಂಪ್ಯೂಟರ್ ಬೇಕಿತ್ತು' ಅನ್ನಿಸಿದಾಗಲೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಯಾಕೆ ಎಂದೂ ಬರೆಯಿರಿ. ಹತ್ತು ಗುರುತು ಬಿದ್ದರೆ ಬಟ್ಟೆ ತೆಗೆಯಿರಿ, ನಾಚಿಕೆ ಏನಿಲ್ಲ.

ಕೊಟ್ಟುಬಿಡುವುದು ನಿಶ್ಚಯವಾದರೆ ಸುಮ್ನೆ ಡಿಲೀಟ್ ಮಾಡಿ ಕೊಡಬೇಡಿ. ಡಿಲೀಟ್ ಆದದ್ದನ್ನು ಮರಳಿ ತೆಗೆಯಬಹುದು. ವಿಂಡೋಸ್ ರೀಸೆಟ್‌ನಲ್ಲಿ ಎಲ್ಲವನ್ನೂ ತೆಗೆಯುವ ಆಯ್ಕೆ ಒತ್ತಿ, ಡ್ರೈವನ್ನು ಸ್ವಚ್ಛ ಮಾಡುವುದನ್ನೂ ಚಾಲೂ ಮಾಡಿ. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ. ಅದೂ ಬೇಡ ಅಂದರೆ ಹಾರ್ಡ್ ಡಿಸ್ಕನ್ನೇ ಬಿಚ್ಚಿ ಇಟ್ಟುಕೊಳ್ಳಿ. ಉಳಿದದ್ದನ್ನು ಗುಜರಿಯವರಿಗೆ ಕೊಡದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ನಮ್ಮ ಕ್ಯಾಲೆಂಡರಿನಲ್ಲಿ ಮೂವತ್ತು ದಿನಕ್ಕೆ ಮೂರು ಗುರುತು ಬಿತ್ತು. ಒಂದು, ಪರಿವರ್ತಿಸಲು ಮರೆತಿದ್ದ ಒಂದು ನುಡಿ ಕಡತ. ಇನ್ನೊಂದು, ಸಂಘದ ವಾರ್ಷಿಕ ವರದಿಯ ಪುಟ ಕಟ್ಟುವುದು, ಅದನ್ನು ಪ್ರೆಸ್ಸಿನವರೇ ಮಾಡಿಕೊಟ್ಟರು. ಮೂರನೆಯದು ಮಗಳದ್ದು. ಯಾಕೆ ಎಂಬ ಜಾಗದಲ್ಲಿ 'ಪೇಂಟ್‌ನಲ್ಲಿ ಚಿತ್ರ ಬಿಡಿಸಬೇಕಿತ್ತು' ಎಂದು ಬರೆದಿದ್ದಳು. ಹಾರ್ಡ್ ಡಿಸ್ಕ್ ಬೀರುವಿಗೆ ಹೋಯಿತು, ಮಾನಿಟರ್ ಮೇಜಿನ ಮೇಲೇ ಉಳಿಯಿತು. ಕಸೂತಿ ಬಟ್ಟೆ ಇನ್ನೂ ಅದರ ಮೇಲಿದೆ.